ಕಾಮಿಕ್ ಚಿತ್ರ ಹೇಳಿ ಬರೆಸುವುದು ಹೇಗೆ, ಮಲೆನಾಡಿನ ಮಳೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಹೇಗೆ

ಕಾಮಿಕ್ ಪುಸ್ತಕ ಸಾವಿರಾರು ಪ್ರತಿ ಅಚ್ಚಾಗುತ್ತದೆ. ಆದರೆ ಕಲಾವಿದರು ಪೆನ್ಸಿಲ್, ಶಾಯಿ ಹಿಡಿದು ಬರೆದ ಮೂಲ ಹಾಳೆ ಒಂದೇ. ಅಳಿಸಿದ ಗೆರೆಯ ಗುರುತು, ಬ್ರಷ್ ತಿರುಗಿದ ಜಾಗ, ತಪ್ಪು ಮುಚ್ಚಲು ಹಚ್ಚಿದ ಬಿಳಿ ಬಣ್ಣ, ಎಲ್ಲ ಅದರ ಮೇಲೆ ಕಾಣುತ್ತದೆ. ಅಂಥ ಹಾಳೆಯನ್ನು ನಮಗೋಸ್ಕರವೇ, ನಮಗಿಷ್ಟದ ಪಾತ್ರ ಹೇಳಿ ಬರೆಸಿಕೊಳ್ಳಬಹುದು. ಇದಕ್ಕೆ ಬೆಂಗಳೂರಿನಲ್ಲೇ ಇರಬೇಕಿಲ್ಲ, ಶ್ರೀಮಂತರೂ ಆಗಿರಬೇಕಿಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಹಾಸನ, ಎಲ್ಲಿ ಕೂತಿದ್ದರೂ ಆಗುತ್ತದೆ.

ನಾನು ಚಿಕ್ಕಮಗಳೂರಿನವನು. ಇಲ್ಲಿ ಕೂತು ಚಿತ್ರ ಬರೆಸಿ ಕೂಡಿಡುವವರಿಗೆ ಕಷ್ಟ ಎರಡು ಕಡೆ ಬರುತ್ತದೆ. ಒಂದು, ಕಲಾವಿದರಿಗೆ ಏನು ಹೇಳಬೇಕು, ಎಲ್ಲಿ ಮಾತು ನಿಲ್ಲಿಸಬೇಕು ಅನ್ನುವುದು. ಇನ್ನೊಂದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ. ಈ ಎರಡಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಯಾವ ಬಗೆಯ ಹಾಳೆ ಬೇಕು?

ಕಾಮಿಕ್ ಮೂಲಚಿತ್ರದಲ್ಲಿ ಎರಡು ಬಗೆ. ಒಂದು, ಪುಸ್ತಕದಲ್ಲಿ ಅಚ್ಚಾದ ಪುಟದ ಮೂಲ. ಇನ್ನೊಂದು, ನೀವು ಕೇಳಿ ಬರೆಸಿದ್ದು. ಅಚ್ಚಾದ ಪುಟಕ್ಕೆ ಕತೆಯ ನಂಟಿರುತ್ತದೆ, ಹಾಗಾಗಿ ಬೆಲೆಯೂ ಬೇರೆ. ಮೈಕ್ ಝೆಕ್ ಬರೆದ ಸ್ಪೈಡರ್‌ಮ್ಯಾನ್‌ನ ಒಂದೇ ಒಂದು ಪುಟ 2022ರ ಜನವರಿಯಲ್ಲಿ ಅಮೆರಿಕದ ಹರಾಜಿನಲ್ಲಿ 33 ಲಕ್ಷ ಡಾಲರ್ ದಾಟಿತು. ಕಪ್ಪು ವೇಷ ಎಲ್ಲಿಂದ ಬಂತು ಅಂತ ಕತೆ ಹೇಳುವ ಪುಟ ಅದು.

ಹೇಳಿ ಬರೆಸಿದ ಚಿತ್ರಕ್ಕೆ ಆ ಲೆಕ್ಕ ಹಾಕಬೇಡಿ. ಕೊಟ್ಟ ದುಡ್ಡು ಮಾರುವಾಗ ವಾಪಸ್ ಬರುತ್ತದೆ ಅನ್ನುವ ಭರವಸೆ ಇಲ್ಲ. ದಿನಾ ನೋಡಬೇಕು ಅನ್ನಿಸುವ ಚಿತ್ರವನ್ನೇ ಬರೆಸಿ.

ಆಮೇಲೆ ಅಳತೆ ಮತ್ತು ವಿವರ. ಕಲಾವಿದರು ಸಾಮಾನ್ಯವಾಗಿ ಹೀಗೆ ದರ ಇಡುತ್ತಾರೆ: ಬರೀ ಮುಖ, ಸೊಂಟದವರೆಗೆ, ಪೂರ್ತಿ ಆಳು. ಪಾತ್ರ ಒಂದು ಹೆಚ್ಚಾದರೆ ದರ ಏರುತ್ತದೆ. ಹಿನ್ನೆಲೆ ಬೇಕೆಂದರೆ ಇನ್ನೂ ಏರುತ್ತದೆ. ಪೆನ್ಸಿಲ್ ಮಾತ್ರ ಅಂದರೆ ಕಡಿಮೆ, ಶಾಯಿ ಅಂದರೆ ಜಾಸ್ತಿ, ಬಣ್ಣ ಅಂದರೆ ಅದಕ್ಕೂ ಜಾಸ್ತಿ. ಮೊದಲ ಸಲ ಬರೆಸುವವರಿಗೆ ನನ್ನ ಸಲಹೆ: 9 ಇಂಚು ಅಗಲ, 12 ಇಂಚು ಉದ್ದದ ಹಾಳೆ, ಒಂದು ಪಾತ್ರ, ಕಪ್ಪು ಶಾಯಿ. ಬಣ್ಣ ಆಮೇಲೆ. ಕಾಮಿಕ್ ಕಲಾವಿದರ ನಿಜವಾದ ಶಕ್ತಿ ಶಾಯಿಯ ಗೆರೆಯಲ್ಲೇ ಕಾಣುತ್ತದೆ. ಆ ಗೆರೆ ನಮ್ಮ ಹವೆಯನ್ನೂ ಹೆಚ್ಚು ಕಾಲ ತಡೆದುಕೊಳ್ಳುತ್ತದೆ.

ವಿಷಯಕ್ಕೆ ಬ್ಯಾಟ್‌ಮ್ಯಾನ್, ಫ್ಯಾಂಟಮ್ ಮಾತ್ರವೇ ಯಾಕೆ? ಕತೆಯನ್ನು ಚೌಕ ಚೌಕವಾಗಿ ಹೇಳುವ ಕೆಲಸ ನಮ್ಮ ಜಿಲ್ಲೆಯಲ್ಲಿ ಯಾವತ್ತೋ ಆಗಿದೆ. ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಿ ನೋಡಿ. 1196ರ ಅಮೃತೇಶ್ವರ ದೇವಸ್ಥಾನದ ಹೊರಗೋಡೆಯಲ್ಲಿ 140 ಫಲಕಗಳಿವೆ. ದಕ್ಷಿಣದ 70 ಫಲಕಗಳಲ್ಲಿ ರಾಮಾಯಣ. ಉತ್ತರದಲ್ಲಿ ಕೃಷ್ಣನ ಕತೆ ಮತ್ತು ಮಹಾಭಾರತ. ಅದರಲ್ಲಿ ಒಂದು ಫಲಕದ ಫೋಟೋ ಕೊಟ್ಟು, ಇದನ್ನೇ ಕಾಮಿಕ್ ಪುಟ ಮಾಡಿಕೊಡಿ ಅಂತ ಕೇಳಬಹುದು. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ ಸಳ ಹುಲಿಯನ್ನು ಹೊಡೆದ ಐತಿಹ್ಯ ಇದೆ. ಅದು ಒಂದು ಒಳ್ಳೆಯ ಮುಖಪುಟಕ್ಕೆ ಹೇಳಿ ಮಾಡಿಸಿದ ದೃಶ್ಯ. ಇಂಥ ವಿಷಯಕ್ಕೆ ಯಾವ ಕಂಪನಿಯ ಹಕ್ಕಿನ ತಕರಾರೂ ಇಲ್ಲ.

ಕಾಗದದ ಮೇಲೆ ಬರೆಯುತ್ತಾರಾ ಅಂತ ಮೊದಲೇ ಕೇಳಿ

ದುಡ್ಡಿನ ಮಾತಿಗೂ ಮುಂಚೆ ಕೇಳಬೇಕಾದ ಪ್ರಶ್ನೆ ಇದು. ಈಗ ಬಹಳ ಜನ ಐಪ್ಯಾಡ್ ಅಥವಾ ಡ್ರಾಯಿಂಗ್ ಟ್ಯಾಬ್ಲೆಟ್ ಮೇಲೆ ಬರೆಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅಲ್ಲಿ ಮೂಲ ಹಾಳೆ ಅನ್ನುವುದೇ ಇರುವುದಿಲ್ಲ. ನಿಮಗೆ ಸಿಗುವುದು ಫೈಲ್, ಇಲ್ಲವೇ ಅದರ ಪ್ರಿಂಟ್.

ಮಧ್ಯದ ದಾರಿಯೂ ಒಂದಿದೆ. ಪೆನ್ಸಿಲ್ ಕೆಲಸವನ್ನು ಟ್ಯಾಬ್ಲೆಟ್‌ನಲ್ಲಿ ಮಾಡಿ, ತಿಳಿ ನೀಲಿ ಗೆರೆಯಾಗಿ ಒಳ್ಳೆಯ ಹಾಳೆಗೆ ಪ್ರಿಂಟ್ ಹಾಕಿ, ಅದರ ಮೇಲೆ ಕೈಯಲ್ಲಿ ಶಾಯಿ ಎಳೆಯುತ್ತಾರೆ. ಶಾಯಿ ನಿಜವಾದದ್ದೇ, ಪೆನ್ಸಿಲ್ ಮಾತ್ರ ಪ್ರಿಂಟ್. ಇದು ಮೋಸವಲ್ಲ, ಆದರೆ ನಿಮಗೆ ಮೊದಲೇ ಗೊತ್ತಿರಬೇಕು. ನೀಲಿ ಗೆರೆ ಕಂಡ ತಕ್ಷಣ ಪ್ರಿಂಟ್ ಅಂತಲೂ ತೀರ್ಮಾನ ಮಾಡಬೇಡಿ. ಛಾಪಿಸುವಾಗ ಕಾಣದಿರಲಿ ಅಂತ ಕಾಮಿಕ್ ಕಲಾವಿದರು ನೀಲಿ ಪೆನ್ಸಿಲ್‌ನಲ್ಲೇ ಕರಡು ಹಾಕುವುದು ಹಳೆಯ ರೂಢಿ.

ಕಲಾವಿದರನ್ನು ಹುಡುಕುವುದು

ಹತ್ತಿರದಿಂದಲೇ ಶುರು ಮಾಡಿ. ನಿಮ್ಮೂರಿನ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಿಗೆ ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಯಾರು ಈಗ ಕಾಮಿಕ್, ಅನಿಮೇಷನ್ ಕಡೆ ಹೋಗಿದ್ದಾರೆ ಅಂತ ಗೊತ್ತಿರುತ್ತದೆ. ಅವರಲ್ಲಿ ಒಬ್ಬರಿಗೆ ನಿಮ್ಮ ಕೆಲಸ ಮೊದಲ ಸಂಬಳದ ಕೆಲಸ ಆಗಬಹುದು. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ಹೊರಗಿನ ದೊಡ್ಡ ಹೆಸರಿನ ಜೊತೆಗೆ ನಮ್ಮ ಕಡೆಯ ಹುಡುಗ ಹುಡುಗಿಯರ ಒಂದು ಹಾಳೆಯಾದರೂ ಪ್ರತಿ ಸಂಗ್ರಹದಲ್ಲಿ ಇರಬೇಕು.

ಬೆಂಗಳೂರಿಗೆ ಹೋಗುವುದಾದರೆ ಮೂರು ಜಾಗ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ. ಎಂ.ಜಿ. ರಸ್ತೆ ಹತ್ತಿರ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ ನಡೆಸುವ ಗ್ಯಾಲರಿ, ಇದು 2007ರಿಂದ ಇದೆ. ಮತ್ತೊಂದು ಕಾಮಿಕ್ ಕಾನ್. 2011ರಲ್ಲಿ ದಿಲ್ಲಿಯಲ್ಲಿ ಶುರುವಾದ ಈ ಜಾತ್ರೆ ಬೆಂಗಳೂರಿಗೂ ಬರುತ್ತದೆ. ಅಲ್ಲಿ ಕಲಾವಿದರು ಸಾಲಾಗಿ ಮೇಜು ಹಾಕಿ ಕೂತಿರುತ್ತಾರೆ. ಕೆಲವರು ಅಲ್ಲೇ ಸಣ್ಣ ಚಿತ್ರ ಬರೆದುಕೊಡುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ ಹೆಸರು ಬರೆಸಿ, ಮಧ್ಯಾಹ್ನದ ಹೊತ್ತಿಗೆ ಪಟ್ಟಿ ತುಂಬಿರುತ್ತದೆ.

ಸಂಗ್ರಹಕಾರರು ಮಾಡುವ ಇನ್ನೊಂದು ಚಂದದ ಕೆಲಸ ಇದೆ. ಗಟ್ಟಿ ಬೈಂಡಿನ ಒಂದು ಸ್ಕೆಚ್ ಪುಸ್ತಕ ಇಟ್ಟುಕೊಳ್ಳುತ್ತಾರೆ. ಒಂದೇ ವಿಷಯ, ಪುಟಕ್ಕೊಬ್ಬ ಕಲಾವಿದರು. ಯಾರು ಬೇಕಾದರೂ ಫೋಟೋ ನೋಡಿ ಬರೆಯಬಹುದಾದ ಬೇಲೂರಿನ ಮದನಿಕೆಯನ್ನೋ, ಕಾಫಿ ತೋಟಕ್ಕೆ ಬಂದ ಕಾಡಾನೆಯನ್ನೋ ವಿಷಯ ಮಾಡಿಕೊಂಡು ವರ್ಷಗಟ್ಟಲೆ ತುಂಬಿಸಬಹುದು. ಪುಸ್ತಕವನ್ನು ಮಾತ್ರ ಯಾರಿಗೂ ಪೋಸ್ಟ್‌ನಲ್ಲಿ ಕಳಿಸಬೇಡಿ. ಒಂದು ಸಲ ಕಳೆದರೆ ಎಲ್ಲರ ಕೆಲಸವೂ ಹೋಯಿತು.

ಇನ್ನು ಇನ್‌ಸ್ಟಾಗ್ರಾಂ. ಅಲ್ಲಿ ಒಬ್ಬರ ಕೆಲಸ ಇಷ್ಟವಾದರೆ ಹಳೆಯ ಚಿತ್ರಗಳನ್ನೂ ನೋಡುತ್ತಾ ಹೋಗಿ. ಒಂದೆರಡು ಚಿತ್ರ ಚೆನ್ನಾಗಿದ್ದರೆ ಸಾಲದು. ನಿಮಗೆ ಪ್ರಾಣಿ ಬೇಕಿದ್ದರೆ ಅವರು ಪ್ರಾಣಿ ಬರೆದಿದ್ದಾರಾ ಅಂತ ನೋಡಿ. ಬರೆದುಕೊಟ್ಟ ಹಾಳೆಯನ್ನು ಬೇರೆ ಗಿರಾಕಿಗಳು ಕೈಯಲ್ಲಿ ಹಿಡಿದು ಹಾಕಿದ ಫೋಟೋ ಇದೆಯಾ ನೋಡಿ. ಹೊರದೇಶದ ಕಲಾವಿದರಾದರೆ ಅನೇಕರಿಗೆ ಪ್ರತಿನಿಧಿಗಳಿರುತ್ತಾರೆ, ಅವರ ಮೂಲಕವೇ ಹೋಗಬೇಕು. ಕಾಮಿಕ್ ಆರ್ಟ್ ಫ್ಯಾನ್ಸ್ ಅನ್ನುವ ತಾಣದಲ್ಲಿ ಲೋಕದ ಸಂಗ್ರಹಕಾರರು ತಮ್ಮ ಹಾಳೆಗಳನ್ನು ತೋರಿಸುತ್ತಾರೆ. ಒಬ್ಬ ಕಲಾವಿದರು ಹೇಳಿ ಬರೆಸಿದ ಕೆಲಸವನ್ನು ಹೇಗೆ ಮಾಡಿದ್ದಾರೆ ಅಂತ ಅಲ್ಲಿ ಅಂದಾಜು ಸಿಗುತ್ತದೆ.

ಏನು ಬರೆದು ಕೇಳಬೇಕು

ಸುಮ್ನೆ 'ಸಾರ್, ಒಂದು ಚಿತ್ರ ಎಷ್ಟು?' ಅಂತ ಕೇಳಿದರೆ ಉತ್ತರ ಬರುವುದೇ ಕಷ್ಟ. ಅಳತೆ, ಪಾತ್ರ, ಹಿನ್ನೆಲೆ, ಶಾಯಿ, ಗಡುವು, ಇಷ್ಟು ಮೊದಲ ಮಾತಿನಲ್ಲೇ ಇರಲಿ. ಹೀಗೆ ಬರೆಯಬಹುದು:

'ನಮಸ್ತೆ ಸರ್. ನಾನು ಚಿಕ್ಕಮಗಳೂರಿನವನು. ನಿಮ್ಮ ಶಾಯಿ ಕೆಲಸ, ಅದರಲ್ಲೂ ಕಾಡಿನ ಹಿನ್ನೆಲೆ ಬರೆಯುವ ರೀತಿ ನನಗೆ ತುಂಬ ಇಷ್ಟ. ಕಾಗದದ ಮೇಲೆ, ಕೈಯಲ್ಲೇ ಬರೆದ ಒಂದು ಚಿತ್ರ ಬೇಕಿತ್ತು. ಅಳತೆ 11 ಇಂಚು ಅಗಲ, 17 ಇಂಚು ಉದ್ದ. ಕಪ್ಪು ಶಾಯಿ, ಬಣ್ಣ ಬೇಡ. ವಿಷಯ ಹೊಯ್ಸಳರ ಸಳ ಮತ್ತು ಹುಲಿ. ಸಳ ಎಳೆಯ ಹುಡುಗ, ರಾಜ ಅಲ್ಲ. ಹಿಂದೆ ಮಲೆನಾಡಿನ ಕಾಡು. ಬೇಲೂರಿನ ಸಳನ ಶಿಲ್ಪದ ಫೋಟೋ ಕಳಿಸಿದ್ದೇನೆ. ಅದು ಬಟ್ಟೆ, ಆಭರಣಕ್ಕೆ ಮಾತ್ರ, ಭಂಗಿ ನಿಮ್ಮಿಷ್ಟ. ಕರಡು ಒಂದು ಸಲ ತೋರಿಸಿದರೆ ಸಾಕು. ಆತುರ ಇಲ್ಲ, ದೀಪಾವಳಿ ಹೊತ್ತಿಗೆ ಸಿಕ್ಕರೂ ಆಯಿತು. ದರ ಎಷ್ಟು, ಮುಂಗಡ ಎಷ್ಟು ಕೊಡಬೇಕು ತಿಳಿಸಿ.'

ಇದರಲ್ಲಿ ಗಟ್ಟಿಯಾಗಿ ಹೇಳಿದ್ದು ಸಳನ ವಯಸ್ಸು ಒಂದೇ, ಯಾಕೆಂದರೆ ಬರೆಸುವವನಿಗೆ ಅದು ಮುಖ್ಯ. ಮಿಕ್ಕಿದ್ದನ್ನೆಲ್ಲ ಕಲಾವಿದರಿಗೆ ಬಿಟ್ಟಿದ್ದಾನೆ. ಎಡಗೈ ಹೀಗಿರಲಿ, ಹುಲಿ ಆ ಕಡೆ ನೋಡಲಿ, ಮರ ನಾಲ್ಕು ಇರಲಿ ಅಂತ ಹೇಳುತ್ತಾ ಹೋದರೆ ಕಲಾವಿದರ ಕೈ ಕಟ್ಟಿದ ಹಾಗಾಗುತ್ತದೆ. ಅವರ ಗೆರೆ ಇಷ್ಟ ಅಂತ ತಾನೇ ಹೋದದ್ದು? ಇರಲೇಬೇಕಾದ ಒಂದೋ ಎರಡೋ ಸಂಗತಿ ಹೇಳಿ. ಇರಲೇಬಾರದ್ದು ಏನಾದರೂ ಇದ್ದರೆ ಅದನ್ನೂ ಹೇಳಿ. ಅಲ್ಲಿಗೆ ನಿಲ್ಲಿಸಿ.

ಪೆನ್ಸಿಲ್ ಕರಡು ಬಂದಾಗ ಮಾತ್ರ ಬಾಯಿ ಬಿಟ್ಟು ಹೇಳಬೇಕು. ಬದಲಾವಣೆಗೆ ಸಮಯ ಅದೇ. ಶಾಯಿ ಬಿದ್ದ ಮೇಲೆ 'ಮುಖ ಸ್ವಲ್ಪ ತಿರುಗಿಸ್ತೀರಾ' ಅಂದರೆ ಇಡೀ ಹಾಳೆ ಹೊಸದಾಗಿ ಬರೆಯಬೇಕು. ಸಂಕೋಚಪಟ್ಟು ಕರಡಿಗೆ 'ಸೂಪರ್ ಸರ್' ಅಂದು, ಆಮೇಲೆ ಬೇಜಾರು ಮಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದಲ್ಲ.

ಸಹಿ ಹಾಗೂ ಇಸವಿ ಚಿತ್ರದ ಮುಂಭಾಗದಲ್ಲೇ ಹಾಕಲು ಕೇಳಿ. ನಮ್ಮ ಬೇಲೂರಿನಲ್ಲಿ ದಾಸೋಜ, ಚಾವಣರಂಥ ಶಿಲ್ಪಿಗಳು ಕಲ್ಲಿನ ಮೇಲೆ ತಮ್ಮ ಹೆಸರು ಕೊರೆದರು. ಯಾವ ಮೂರ್ತಿ ಯಾರದ್ದು ಅಂತ ಇವತ್ತು ನಾವು ಹೇಳಲು ಸಾಧ್ಯವಾಗಿರುವುದು ಅದರಿಂದಲೇ. ನಿಮ್ಮ ಹೆಸರನ್ನೂ ಬರೆಸಿಕೊಳ್ಳಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ಮುಂದೆ ಮಾರುವ ಯೋಚನೆ ಇದ್ದರೆ ಬೇಡ.

ದುಡ್ಡು ಮತ್ತು ಕಾಯುವಿಕೆ

ಅರ್ಧ ಮುಂಗಡ, ಮುಗಿದ ಚಿತ್ರದ ಫೋಟೋ ನೋಡಿ ಉಳಿದರ್ಧ, ಆಮೇಲೆ ಪಾರ್ಸೆಲ್. ಮೊದಲ ವ್ಯವಹಾರಕ್ಕೆ ಈ ಕ್ರಮ ಸರಿ. ಹೆಸರು ಮಾಡಿದ ಕೆಲವರು ಪೂರ್ತಿ ಮುಂಗಡ ಕೇಳುತ್ತಾರೆ. ಅವರ ಹಳೆಯ ಗಿರಾಕಿಗಳಲ್ಲಿ ಇಬ್ಬರನ್ನು ವಿಚಾರಿಸದೆ ಕೊಡಬೇಡಿ. ಯುಪಿಐನಲ್ಲಿ ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ 'ಸಳ ಚಿತ್ರ, ಮುಂಗಡ' ಅಂತ ಬರೆಯಿರಿ. ಅಳತೆ, ದರ, ಗಡುವು, ಪಾರ್ಸೆಲ್ ಖರ್ಚು ಯಾರದ್ದು ಅನ್ನುವುದೆಲ್ಲ ಫೋನಿನಲ್ಲಿ ಮಾತಾಡಿದ್ದರೂ ಒಂದು ವಾಟ್ಸಾಪ್ ಮೆಸೇಜಿನಲ್ಲಿ ಬರೆದು, 'ಸರಿ' ಅಂತ ಉತ್ತರ ತರಿಸಿಕೊಳ್ಳಿ.

ದರದಲ್ಲಿ ಚೌಕಾಸಿ ಮಾಡಬೇಡಿ. ಬಜೆಟ್ ಕಡಿಮೆ ಇದ್ದರೆ ಅದನ್ನೇ ಹೇಳಿ: 'ನನ್ನ ಹತ್ತಿರ ಇಷ್ಟಿದೆ, ಇದರಲ್ಲಿ ಏನು ಬರೆದುಕೊಡಬಹುದು?' ಆಗ ಹಿನ್ನೆಲೆ ಬಿಟ್ಟೋ ಹಾಳೆ ಚಿಕ್ಕದು ಮಾಡಿಯೋ ಒಂದು ದಾರಿ ಅವರೇ ಹೇಳುತ್ತಾರೆ.

ತಡವಾಗುವುದು ಈ ಕೆಲಸದಲ್ಲಿ ಸಾಮಾನ್ಯ. ಪ್ರಕಾಶಕರ ಗಡುವಿನ ಕೆಲಸ ಬಂದರೆ ನಮ್ಮ ಚಿತ್ರ ಹಿಂದೆ ಬೀಳುತ್ತದೆ. ತಿಂಗಳಿಗೊಮ್ಮೆ ಮೃದುವಾಗಿ ವಿಚಾರಿಸಿ. ಹೇಳಿದ ಗಡುವು ದಾಟಿ ಬಹಳ ಆಗಿದ್ದು, ಉತ್ತರವೂ ಬರದಿದ್ದರೆ ಮುಂಗಡ ವಾಪಸ್ ಕೇಳುವುದರಲ್ಲಿ ಸಂಕೋಚ ಬೇಡ.

ಶಾಯಿ, ಬಣ್ಣ, ಹಾಳೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಚಿತ್ರ ಐವತ್ತು ವರ್ಷ ಬಾಳುತ್ತದೋ ಐದು ವರ್ಷಕ್ಕೆ ಬಿಳಚಿಕೊಳ್ಳುತ್ತದೋ ಅನ್ನುವುದು ಇದರ ಮೇಲೆ ನಿಂತಿದೆ.

ಇಂಡಿಯನ್ ಇಂಕ್ ಅನ್ನುವ ಕಪ್ಪು ಶಾಯಿಯಲ್ಲಿ ಇರುವುದು ಇಂಗಾಲದ ಪುಡಿ, ಅಂದರೆ ಮಸಿ. ಬೆಳಕಿಗೆ ಅದು ಮಾಸುವುದಿಲ್ಲ. ಪಿಗ್ಮಾ ಮೈಕ್ರಾನ್ ಥರದ ಪೆನ್ನುಗಳಲ್ಲೂ ಪಿಗ್ಮೆಂಟ್, ಅಂದರೆ ಕರಗದ ಬಣ್ಣದ ಪುಡಿಯ ಶಾಯಿ ಇರುತ್ತದೆ, ಅವೂ ಗಟ್ಟಿ. ಜಾಗ್ರತೆ ಬೇಕಾದದ್ದು ಆಲ್ಕೋಹಾಲ್ ಮಾರ್ಕರ್ ವಿಷಯದಲ್ಲಿ. ಕಾಪಿಕ್ ಮುಂತಾದ ಈ ಮಾರ್ಕರ್‌ಗಳಲ್ಲಿ ಇರುವುದು ಡೈ, ಅಂದರೆ ಕರಗಿದ ಬಣ್ಣ, ಪಿಗ್ಮೆಂಟ್ ಅಲ್ಲ. ನೋಡಲು ಸೊಗಸು, ಕಲಾವಿದರಿಗೂ ಬೇಗ ಕೆಲಸ ಮುಗಿಯುತ್ತದೆ. ಆದರೆ ಕಿಟಕಿಯ ಬೆಳಕು ಬೀಳುವ ಗೋಡೆಗೆ ಹಾಕಿದರೆ ಬಣ್ಣ ಇಳಿಯುತ್ತದೆ. ಬಣ್ಣದ ಚಿತ್ರ ಗೋಡೆಗೆ ಹಾಕಬೇಕು ಅಂತಿದ್ದರೆ ಜಲವರ್ಣ ಅಥವಾ ಅಕ್ರಿಲಿಕ್‌ನಲ್ಲಿ ಕೇಳಿ. ಅದರಲ್ಲೂ ಬೆಳಕಿಗೆ ನಿಲ್ಲುವ ಒಳ್ಳೆಯ ದರ್ಜೆಯ ಬಣ್ಣ ಬಳಸುತ್ತೀರಾ ಅಂತ ವಿಚಾರಿಸಿ.

ಹಾಳೆ ಆಮ್ಲ ಇಲ್ಲದ್ದು, ಅಂದರೆ ಆಸಿಡ್ ಫ್ರೀ ಆಗಿರಬೇಕು. ಸ್ಟೇಷನರಿ ಅಂಗಡಿಯ ಸಾದಾ ಡ್ರಾಯಿಂಗ್ ಶೀಟ್ ಕೆಲವು ವರ್ಷಕ್ಕೆ ಹಳದಿಯಾಗಿ ಅಂಚು ಪುಡಿಯಾಗುತ್ತದೆ. ಕಾಮಿಕ್‌ಗೆ ನಯವಾದ ಬ್ರಿಸ್ಟಲ್ ಹಾಳೆ ರೂಢಿ. ಜಲವರ್ಣವಾದರೆ 300 ಜಿಎಸ್‌ಎಂ ತೂಕದ ದಪ್ಪ ಹತ್ತಿಯ ಹಾಳೆ. ಹೊಸ ಕಲಾವಿದರಿಗೆ ಇದು ದುಬಾರಿ ಅನ್ನಿಸಿದರೆ ಹಾಳೆಯ ಖರ್ಚು ನೀವೇ ಕೊಡಿ.

ಅಳತೆಯಲ್ಲಿ ಒಂದು ತೊಡಕಿದೆ. ಅಮೆರಿಕದ ಕಾಮಿಕ್ ಹಾಳೆ 11 ಇಂಚು ಅಗಲ, 17 ಇಂಚು ಉದ್ದ. ನಮ್ಮಲ್ಲಿ ಸಿಗುವ ಎ3 ಫೈಲ್‌ಗಳ ಹಾಳೆ 11.7 ಇಂಚು ಅಗಲ, 16.5 ಇಂಚು ಉದ್ದ. ಎ3 ಅಳತೆಗೆ ಸರಿಯಾಗಿ ಮಾಡಿದ ಕವರಿಗೆ ಅಮೆರಿಕದ ಅಳತೆಯ ಹಾಳೆ ಹಾಕಿದರೆ ಅರ್ಧ ಇಂಚು ಹೊರಗೆ ನಿಲ್ಲುತ್ತದೆ, ಅಂಚು ಮಡಚುತ್ತದೆ. ಎ3 ಫೈಲೇ ಬಳಸುವ ಯೋಚನೆ ಇದ್ದರೆ ಚಿತ್ರವನ್ನೂ ಎ3 ಹಾಳೆಯಲ್ಲೇ ಬರೆಸಿ.

ಹಾಳೆ ನಿಮ್ಮದು, ಹಕ್ಕು ಯಾರದ್ದು?

1957ರ ಕಾಪಿರೈಟ್ ಕಾಯ್ದೆಯಲ್ಲಿ ಕೃತಿಯ ಮೊದಲ ಹಕ್ಕು ಸಾಮಾನ್ಯವಾಗಿ ಬರೆದವರದ್ದೇ. ದುಡ್ಡು ಕೊಟ್ಟು ಬರೆಸಿದ ವರ್ಣಚಿತ್ರ, ಭಾವಚಿತ್ರಕ್ಕೆ 17ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಅಂಥದ್ದರ ಹಕ್ಕು ಬರೆಸಿದವರದ್ದು. ಶಾಯಿಯ ಕಾಮಿಕ್ ಚಿತ್ರ ಇದರೊಳಗೆ ಬರುತ್ತೋ ಇಲ್ವೋ ಅಂತ ವಾದ ಎದ್ದೀತು. ಹಾಗಾಗಿ ಮೊದಲೇ ಎರಡು ಸಾಲು ಬರೆದುಕೊಳ್ಳಿ: ಹಾಳೆ ನನ್ನದು, ಅಚ್ಚು ಹಾಕುವ ಹಕ್ಕು ನಿಮ್ಮದು, ನನ್ನ ಸಂಗ್ರಹದ ಫೋಟೋ ನಾನು ನಿಮ್ಮ ಹೆಸರು ಹಾಕಿ ತೋರಿಸಬಹುದು. ಇದು ಇಬ್ಬರಿಗೂ ನ್ಯಾಯ.

ಸ್ಪೈಡರ್‌ಮ್ಯಾನ್ ಥರದ ಪಾತ್ರ ಕಂಪನಿಯ ಸ್ವತ್ತು. ಅದರ ಚಿತ್ರ ಬರೆಸಿ ಮನೆಯಲ್ಲಿಟ್ಟುಕೊಳ್ಳಿ. ಟೀ ಶರ್ಟಿಗೆ, ಹೋಂಸ್ಟೇ ಬೋರ್ಡಿಗೆ ಹಾಕಬೇಡಿ. ಇನ್ನೊಂದು ಮಾತು: ಯಾರದೋ ಶೈಲಿಯನ್ನು ಹಾಗೇ ನಕಲು ಮಾಡಿಕೊಡಿ ಅಂತ ಕಲಾವಿದರನ್ನು ಕೇಳಬೇಡಿ.

ಪಾರ್ಸೆಲ್

ಚಿತ್ರವನ್ನು ಚಪ್ಪಟೆಯಾಗಿ, ಎರಡು ಗಟ್ಟಿ ಹಲಗೆಯ ನಡುವೆ ಕಳಿಸಲು ಹೇಳಿ. ಮೊದಲು ಪ್ಲಾಸ್ಟಿಕ್ ಕವರ್, ಅದರ ಅಂಚನ್ನು ಒಳಗಿನ ರಟ್ಟಿಗೆ ಟೇಪಿನಿಂದ ಹಿಡಿಸಬೇಕು. ಚಿತ್ರಕ್ಕೆ ಟೇಪ್ ಮುಟ್ಟಕೂಡದು. ರಟ್ಟು ಬಳಸಿದರೆ ಒಂದರ ಗೀರು ಅಡ್ಡ, ಇನ್ನೊಂದರದ್ದು ಉದ್ದ ಇರಲಿ, ಆಗ ಬಗ್ಗುವುದಿಲ್ಲ. ಹೊರಗೆ ಇನ್ನೊಂದು ಪ್ಲಾಸ್ಟಿಕ್ ಸುತ್ತು. ಸುರುಳಿ ಸುತ್ತಿ ಕಳಿಸುವುದು ಕೊನೆಯ ದಾರಿ. ಹಾಗೆ ಕಳಿಸಲೇಬೇಕಾದರೆ ಅಗಲವಾದ ಟ್ಯೂಬ್ ಬೇಕು.

ಆರಿದ್ರಾ ಮಳೆಯ ಹೊತ್ತಿಗೆ ಚಿತ್ರ ಮುಗಿದರೆ ಅವರ ಹತ್ತಿರವೇ ಇರಲಿ ಅನ್ನಿ. ಮಳೆ ಇಳಿದ ಮೇಲೆ ತರಿಸಿ. ತೋಟದ ವಿಳಾಸ ಕೊಡುವುದಕ್ಕಿಂತ ಪೇಟೆಯಲ್ಲಿ ಬಾಗಿಲು ತೆಗೆದಿರುವ ನೆಂಟರ ಮನೆ ಅಥವಾ ಪರಿಚಯದ ಅಂಗಡಿಯ ವಿಳಾಸ ವಾಸಿ. ಇಲ್ಲದಿದ್ದರೆ ಗೇಟಿಗೆ ಸಿಕ್ಕಿಸಿ ಹೋಗುತ್ತಾರೆ, ಒಂದು ಮಳೆ ಸಾಕು. ಬೆಂಗಳೂರಿನ ಕಲಾವಿದರಾದರೆ ನೀವೇ ಹೋಗಿ ತರುವುದು ಎಲ್ಲಕ್ಕಿಂತ ಒಳ್ಳೆಯದು. ಹಾಸನಕ್ಕೂ ಚಿಕ್ಕಮಗಳೂರಿಗೂ ರೈಲಿದೆ, ಅವರ ಮೇಜು, ಬ್ರಷ್ಷು ನೋಡಿದ ಹಾಗೂ ಆಗುತ್ತದೆ.

ಹೊರದೇಶದಿಂದ ಬರುವ ಚಿತ್ರಕ್ಕೆ ಕಸ್ಟಮ್ಸ್ ಸುಂಕ ಬೀಳಬಹುದು, ಅದಕ್ಕೆ ದುಡ್ಡು ತೆಗೆದಿಡಿ. ಕೈಯಲ್ಲೇ ಬರೆದ ಚಿತ್ರಗಳು ಕಸ್ಟಮ್ಸ್ ಪಟ್ಟಿಯಲ್ಲಿ 9701 ಅನ್ನುವ ಶೀರ್ಷಿಕೆಯಡಿ ಬರುತ್ತವೆ. ಕಳಿಸುವವರು ಫಾರಂನಲ್ಲಿ ಆ ಸಂಖ್ಯೆ ಮತ್ತು 'ಕೈಯಲ್ಲಿ ಬರೆದ ಮೂಲಚಿತ್ರ' ಅಂತ ನಮೂದಿಸಲಿ. ಪೋಸ್ಟರ್ ಅಂತಲೋ ಗಿಫ್ಟ್ ಅಂತಲೋ ಸುಳ್ಳು ಬರೆಸಬೇಡಿ. ನಿಜವಾದ ಬೆಲೆ ಕಾಗದದಲ್ಲಿ ಇಲ್ಲದಿದ್ದರೆ ಪಾರ್ಸೆಲ್ ಹಾಳಾದಾಗ ಪರಿಹಾರವನ್ನೂ ಕೇಳಲು ಆಗುವುದಿಲ್ಲ.

ಬಂದ ಪಾರ್ಸೆಲ್ ತೆರೆಯುವಾಗ ವಿಡಿಯೋ ಮಾಡಿ. ಕೈ ತೊಳೆದು ಒರೆಸಿಕೊಂಡು, ಹಾಳೆಯ ಅಂಚು ಹಿಡಿದು, ಕಿಟಕಿ ಹತ್ತಿರ ಓರೆಯಾಗಿ ನೋಡಿ. ಶಾಯಿ ದಪ್ಪ ಬಿದ್ದ ಕಡೆ ಹೊಳಪು ಬೇರೆ ಇರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಗೆರೆ ಒಂದೇ ಸಮ ಕಪ್ಪಾಗಿರುತ್ತದೆ. ಆ ಕಪ್ಪು ಗೆರೆಯಲ್ಲೇ ಸಣ್ಣ ಸಣ್ಣ ಬಣ್ಣದ ಚುಕ್ಕಿ ಕಂಡರೆ ಅದು ಪ್ರಿಂಟ್. ಕೂಡಲೇ ಕಲಾವಿದರಿಗೆ 'ಸೇರಿತು' ಅಂತ ಹೇಳಿ, ಚಿತ್ರ ಹೇಗನ್ನಿಸಿತು ಅಂತಲೂ ನಾಲ್ಕು ಮಾತು ಬರೆಯಿರಿ. ಆ ಮಾತಿಗೆ ಅವರು ಕಾಯುತ್ತಿರುತ್ತಾರೆ.

ಮಳೆಗಾಲದಲ್ಲಿ ಕಾಪಾಡುವುದು

ಕಾಗದದ ಶತ್ರುಗಳು ನಾಲ್ಕು: ನೀರಿನ ಪಸೆ, ಬೆಳಕು, ಹುಳ, ಆಮ್ಲ. ಹಾಸನ ಪೇಟೆಯಲ್ಲಿ ಪಸೆ ಸ್ವಲ್ಪ ಕಡಿಮೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಅಲ್ವಾ? ಕಾಗದವಂತೂ ಗಾಳಿಯ ಪಸೆಯನ್ನು ಹೀರಿ ಉಬ್ಬುತ್ತದೆ. ಗಾಳಿಯ ತೇವ ನೂರಕ್ಕೆ 65 ದಾಟಿ ಹಾಗೇ ನಿಂತರೆ ಬೂಷ್ಟು ಶುರು. 40ರಿಂದ 55ರೊಳಗೆ ಇದ್ದರೆ ಕ್ಷೇಮ. ತೇವ ಅಳೆಯುವ ಸಣ್ಣ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೊದಲು ಅದನ್ನು ತಂದು, ಮನೆಯ ಯಾವ ಕೋಣೆ ಒಣಗಿರುತ್ತದೆ ಅಂತ ಒಂದು ವಾರ ನೋಡಿ.

ಸಾಮಾನ್ಯವಾಗಿ ನಡುಮನೆಯ ಒಳಗೋಡೆಗೆ ಇಟ್ಟ ಕಬ್ಬಿಣದ ಬೀರು ಒಳ್ಳೆಯ ಜಾಗ. ಅಟ್ಟ ಬೇಡ, ಅಲ್ಲಿ ಹೊಗೆಯೂ ಇಲಿಯೂ ಇರುತ್ತವೆ. ಹೊರಗೋಡೆಗೆ ತಾಗಿದ ಮರದ ಕಪಾಟು ಬೇಡ, ಥಂಡಿ ಮತ್ತು ಗೆದ್ದಲು ಎರಡೂ ಅಲ್ಲಿಂದಲೇ ಬರುತ್ತವೆ. ಹಾಳೆಗಳನ್ನು ಮಲಗಿಸಿಡಿ. ಪ್ರತಿ ಹಾಳೆಗೂ ಒಂದು ಕವರ್, ಹಿಂದೆ ಆಮ್ಲ ಇಲ್ಲದ ಒಂದು ಬೋರ್ಡ್. ಕವರ್ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್‌ನದ್ದಾಗಿರಬೇಕು. ಹೊಸ ರೇನ್‌ಕೋಟಿನ ಹಾಗೆ ಘಾಟು ಹೊಡೆಯುವ ಮೆತ್ತನೆಯ ಪಿವಿಸಿ ಕವರ್ ತರಬೇಡಿ. ಅದು ಕಾಲ ಕಳೆದಂತೆ ಶಾಯಿಗೆ ಅಂಟಿಕೊಳ್ಳುತ್ತದೆ.

ಇದನ್ನೆಲ್ಲ ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಒಳಗೆ ಸಿಲಿಕಾ ಜೆಲ್ ಹಾಕಿ. ಕೇಸರಿ ಬಣ್ಣದ್ದು ತಗೊಳ್ಳಿ, ನೀರು ಕುಡಿದಾಗ ಹಸಿರಾಗುತ್ತದೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಮನೆಗೆ ಒಳ್ಳೆಯದಲ್ಲ. ಹಸಿರಾದದ್ದನ್ನು ಓವನ್ನಿನಲ್ಲಿ ಸಣ್ಣ ಬಿಸಿಗೆ ಇಟ್ಟರೆ ಮತ್ತೆ ಕೇಸರಿಗೆ ತಿರುಗುತ್ತದೆ, ಪುನಃ ಬಳಸಬಹುದು. ಡಬ್ಬಿ ಮುಚ್ಚುವ ಕೆಲಸವನ್ನು ಏಪ್ರಿಲ್‌ನಲ್ಲೇ, ಗಾಳಿ ಒಣಗಿರುವಾಗಲೇ ಮುಗಿಸಿ. ಜುಲೈನಲ್ಲಿ ಮುಚ್ಚಿದರೆ ಪಸೆಯನ್ನು ಒಳಗೆ ಕೂಡಿಹಾಕಿದ ಹಾಗೆ. ಮಳೆಗಾಲದಲ್ಲಿ ಪದೇ ಪದೇ ತೆರೆದು ನೋಡುವ ಆಸೆ ಆಗುತ್ತದೆ, ತಡೆದುಕೊಳ್ಳಿ. ನೋಡಲು ಫೋನಿನಲ್ಲಿ ಸ್ಕ್ಯಾನ್ ಇರಲಿ. ಡಿಸೆಂಬರ್, ಜನವರಿಯಲ್ಲಿ ಒಣ ಹವೆ ಬಂದಾಗ ಎಲ್ಲವನ್ನೂ ಹೊರಗೆ ತೆಗೆದು, ನೆರಳಿನಲ್ಲಿ ಗಾಳಿಗೆ ಬಿಟ್ಟು, ಒಂದೊಂದಾಗಿ ಪರೀಕ್ಷಿಸಿ. ಬಿಸಿಲಿಗೆ ಹಾಕಬೇಡಿ.

ಬೂಷ್ಟು ಕಂಡೇಬಿಟ್ಟರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಒರೆಸಿದರೆ ಅದು ಕಾಗದದ ನಾರಿನೊಳಗೆ ಇಳಿದು ಕಲೆ ಉಳಿಯುತ್ತದೆ. ಆ ಹಾಳೆಯನ್ನು ಬೇರೆ ಮಾಡಿ, ಗಾಳಿಯಾಡುವ ಒಣ ಜಾಗದಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಒಣ ಬ್ರಷ್‌ನಿಂದ ಮೆಲ್ಲಗೆ ತೆಗೆಯಿರಿ. ಉಳಿದ ಕಲೆಯನ್ನು ಹಾಗೇ ಬಿಡುವುದು ವಾಸಿ.

ಮಡಚುವುದಂತೂ ಬೇಡವೇ ಬೇಡ. ಟಿನ್‌ಟಿನ್ ಕಾಮಿಕ್‌ನ ನೀಲಿ ಕಮಲದ ಕತೆಗೆ ಅಂತ 1936ರಲ್ಲಿ ಅದರ ಕಲಾವಿದ ಎರ್ಜೆ ಬರೆದ ಒಂದು ಮುಖಪುಟ ಅಚ್ಚಿಗೆ ದುಬಾರಿ ಅಂತ ಬಳಕೆಯಾಗಲಿಲ್ಲ. ಅದನ್ನು ಮಡಚಿ ಒಂದು ಡ್ರಾಯರಿನಲ್ಲಿ ಇಟ್ಟಿದ್ದರಂತೆ. 2021ರಲ್ಲಿ ಪ್ಯಾರಿಸ್‌ನ ಹರಾಜಿನಲ್ಲಿ ಅದು 30 ಲಕ್ಷ ಯೂರೋ ದಾಟಿದಾಗಲೂ ಆ ಮಡಿಕೆಯ ಗೆರೆಗಳು ಹಾಗೇ ಇದ್ದವು.

ಗೋಡೆಗೆ ಹಾಕುವುದಾದರೆ

ನಮ್ಮ ಊರುಗಳ ಫ್ರೇಮ್ ಅಂಗಡಿಯವರು ದೇವರ ಪಟ, ಮದುವೆ ಫೋಟೋ ಕಟ್ಟುವುದರಲ್ಲಿ ಪಳಗಿದವರು. ಆ ರೀತಿಯಲ್ಲಿ ಗಾಜು ಚಿತ್ರಕ್ಕೆ ತಾಗಿರುತ್ತದೆ, ಹಿಂದೆ ಹಾರ್ಡ್‌ಬೋರ್ಡ್ ಇರುತ್ತದೆ, ಕೆಲವೊಮ್ಮೆ ಫೆವಿಕಾಲ್ ಕೂಡ. ನಮಗೆ ಬೇಕಾದ್ದು ಬೇರೆ. ಎದುರು ಕೂತು ಹೇಳಿ ಮಾಡಿಸಿ. ಚಿತ್ರಕ್ಕೂ ಗಾಜಿಗೂ ನಡುವೆ ಮೌಂಟ್ ಬೋರ್ಡ್, ಅಂದರೆ ನಡುವೆ ಕಿಟಕಿಯ ಹಾಗೆ ಕತ್ತರಿಸಿದ ದಪ್ಪ ರಟ್ಟು ಇಟ್ಟು ಜಾಗ ಬಿಡಬೇಕು. ಹಿಂದೆ ಆಮ್ಲ ಇಲ್ಲದ ಬೋರ್ಡ್, ಅದನ್ನು ನೀವೇ ಒಯ್ದು ಕೊಡಿ. ಅಂಟು ಬೇಡ, ಟೇಪ್ ಬೇಡ, ನಾಲ್ಕು ಮೂಲೆಗೆ ಫೋಟೋ ಕಾರ್ನರ್ ಸಾಕು. ಲ್ಯಾಮಿನೇಷನ್ ಅನ್ನುವ ಮಾತೇ ಬೇಡ. ಅದು ಬಿಸಿಯಲ್ಲಿ ಅಂಟಿದ ಮೇಲೆ ಬಿಡಿಸಲು ಬರುವುದಿಲ್ಲ.

ಮಳೆ ಹೊಡೆಯುವ ಗೋಡೆಗೆ ತೂಗುಹಾಕಬೇಡಿ. ಒಳಗೋಡೆಗೆ ಹಾಕಿ, ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ರಬ್ಬರ್ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ. ಮಾರ್ಕರ್ ಬಣ್ಣದ ಚಿತ್ರವಾದರೆ ಒಂದೇ ಮಾತು: ಒಳ್ಳೆಯ ಪ್ರಿಂಟ್ ತೆಗೆಸಿ ಅದನ್ನು ಗೋಡೆಗೆ ಹಾಕಿ, ಮೂಲ ಡಬ್ಬಿಯಲ್ಲಿರಲಿ. ಪ್ರಿಂಟ್ ಹಾಕಿಕೊಳ್ಳುವ ಮುನ್ನ ಕಲಾವಿದರನ್ನು ಕೇಳಿ. ಸಾಮಾನ್ಯವಾಗಿ ಅವರೇ ದೊಡ್ಡ ಸ್ಕ್ಯಾನ್ ಕೊಡುತ್ತಾರೆ.

ದಾಖಲೆ

ಒಂದು ನೋಟ್‌ಬುಕ್ ಇಡಿ. ಪ್ರತಿ ಹಾಳೆಗೂ ಒಂದು ಪುಟ: ಕಲಾವಿದರ ಹೆಸರು, ತಿಂಗಳು, ವರ್ಷ, ಅಳತೆ, ಯಾವ ಶಾಯಿ, ಯಾವ ಹಾಳೆ, ಕೊಟ್ಟ ದುಡ್ಡು. ವಾಟ್ಸಾಪ್ ಮಾತುಕತೆ ಮತ್ತು ಕರಡಿನ ಫೋಟೋ ಪ್ರಿಂಟ್ ತೆಗೆದು ಅದರಲ್ಲೇ ಸೇರಿಸಿ. ಸಹಿ ಮಾಡಿದ ಪ್ರಮಾಣಪತ್ರಕ್ಕಿಂತ ಈ ಮಾತುಕತೆ ಹೆಚ್ಚು ಗಟ್ಟಿ ಸಾಕ್ಷಿ. ಚಿತ್ರದ ಹಿಂದೆ ಬಾಲ್‌ಪೆನ್‌ನಲ್ಲಿ ಏನೂ ಬರೆಯಬೇಡಿ, ಒತ್ತು ಮುಂದೆ ಮೂಡುತ್ತದೆ. ನೋಟ್‌ಬುಕ್ ಎಲ್ಲಿದೆ ಅಂತ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ. ಇಲ್ಲವಾದರೆ ನಿಮ್ಮ ನಂತರ ಅದೊಂದು ಹಳೆಯ ಡ್ರಾಯಿಂಗ್ ಕಟ್ಟು ಅಂತ ರದ್ದಿಗೆ ಹೋದೀತು.

ಯಾವತ್ತಾದರೂ ಮಾರಬೇಕಾಗಿ ಬಂದರೆ ಮೊದಲು ಕಲಾವಿದರಿಗೆ ತಿಳಿಸಿ. ಅದು ಮರ್ಯಾದೆಯ ಮಾತು ಮಾತ್ರವಲ್ಲ. ಕಾಪಿರೈಟ್ ಕಾಯ್ದೆಯ 53ಎ ಸೆಕ್ಷನ್ ಪ್ರಕಾರ, ಮೂಲ ಚಿತ್ರ ಮರುಮಾರಾಟದಲ್ಲಿ 10,000 ರೂಪಾಯಿ ದಾಟಿದರೆ, ಹಕ್ಕಿನ ಮೊದಲ ಒಡೆಯರಾಗಿದ್ದ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಅದರಲ್ಲಿ ಪಾಲಿದೆ. ಆ ಪಾಲು ನೂರಕ್ಕೆ ಹತ್ತನ್ನು ಮೀರುವಂತಿಲ್ಲ. ಯಾರಿಗೆ, ಎಷ್ಟಕ್ಕೆ, ಯಾವತ್ತು ಮಾರಿದಿರಿ ಅನ್ನುವುದನ್ನೂ ಅದೇ ಪುಟದಲ್ಲಿ ಬರೆಯಿರಿ. ಆ ಪುಟದ ಒಂದು ಪ್ರತಿಯನ್ನು ಹಾಳೆಯ ಜೊತೆ ಹೊಸಬರಿಗೆ ಕೊಡಿ.